ಕರಾರಿನ ನಡುವಿನ ಹಾಳೆ

ಧಾರವಾಡದಲ್ಲಿ ಇಂದುಮತಿ ಎಂಬ ಸಂಗೀತ ಶಿಕ್ಷಕಿ ಇದ್ದರು. ಓಣಿಯವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಮಕ್ಕಳಿಗೆ ಹಾರ್ಮೋನಿಯಂ ಕಲಿಸುವುದು, ಉಳಿದ ಹೊತ್ತಿನಲ್ಲಿ ಕೀಬೋರ್ಡಿನ ಮುಂದೆ ಕೂತು ಮಾತಿಲ್ಲದ ಸಂಗೀತದ ಪುಟ್ಟ ಪುಟ್ಟ ಧುನ್ ಕಟ್ಟುವುದು, ಇದು ಅವರ ಕೆಲಸ. ಆ ಧುನ್‌ಗಳೆಲ್ಲ ಹುಬ್ಬಳ್ಳಿಯ ಒಂದು ಮ್ಯೂಸಿಕ್ ಲೈಬ್ರರಿಗೆ ಹೋಗುತ್ತಿದ್ದವು. ಪುಸ್ತಕದ ಲೈಬ್ರರಿ ಇದ್ದ ಹಾಗೇ ಅದು. ಜಾಹೀರಾತು ಮಾಡುವವರು, ಟಿ.ವಿ.ಯವರು ಬಂದು ತಮಗೆ ಬೇಕಾದ ಧುನ್ ಆರಿಸಿ, ಅನುಮತಿ ಪಡೆದು ಒಯ್ಯುತ್ತಿದ್ದರು.

ಇಪ್ಪತ್ತು ವರ್ಷದಲ್ಲಿ ಅಕ್ಕೋರು ನಾನೂರು ಧುನ್ ಕಟ್ಟಿದ್ದರು. ಸೋಪಿನ ಜಾಹೀರಾತಿನ ಹಿಂದೆ ಅವರ ಧುನ್. ಆಸ್ಪತ್ರೆಗೆ ಫೋನ್ ಮಾಡಿ ಕಾಯುವಾಗ ಕಿವಿಗೆ ಬೀಳುವುದೂ ಅವರದೇ. ಆದರೆ ಹೆಸರು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಒಮ್ಮೆಯಾದರೂ ತಮ್ಮ ಹೆಸರು ಟಿ.ವಿ. ಪರದೆಯ ಮೇಲೆ ಬರಬೇಕು ಎಂಬ ಆಸೆ ಅವರಿಗೆ ಬಹಳ ದಿನದಿಂದ ಇತ್ತು.

ವರ್ಷಕ್ಕೊಮ್ಮೆ ಲೈಬ್ರರಿಯಿಂದ ಕರಾರುಪತ್ರ ಬರುತ್ತಿತ್ತು. ಮೊದಲ ಹಾಳೆಯಲ್ಲಿ ಹೆಸರು, ಕೊನೆಯ ಹಾಳೆಯಲ್ಲಿ ಸಹಿ, ನಡುವಿನ ಹಾಳೆಗಳಲ್ಲಿ ಬರೀ ಧುನ್‌ಗಳ ಪಟ್ಟಿ. ಪಟ್ಟಿಯಲ್ಲಿರುವುದೆಲ್ಲ ನಾನೇ ಕಟ್ಟಿದ್ದು ಎಂದು ಒಪ್ಪಿ ಸಹಿ ಹಾಕಬೇಕು. ಧುನ್‌ಗಳಿಗೆ ಹೆಸರಿಡುವವರು ಲೈಬ್ರರಿಯವರು. ಬೆಳಗು ಮೂರು, ಬೆಳಗು ಒಂಬತ್ತು, ಹೊಲದ ಹಾದಿ, ಹೀಗೆ. ಅದನ್ನು ಓದಿ ತನ್ನದು ಯಾವುದು ಎಂದು ಗುರುತಿಸಲು ದೇವರೇ ಬರಬೇಕು. ಅಕ್ಕೋರು ಓದುತ್ತಲೂ ಇರಲಿಲ್ಲ, ಬಿಡಿ. ಒಂದು ಕೈಯಲ್ಲಿ ಮಂಡಕ್ಕಿ ಗಿರಮಿಟ್ಟಿನ ತಟ್ಟೆ, ಇನ್ನೊಂದು ಕೈಯಲ್ಲಿ ಪೆನ್ನು, ಸೀದಾ ಕೊನೆಯ ಹಾಳೆಗೆ ಹೋಗಿ ಸಹಿ.

ಒಂದು ದಿನ ಲೈಬ್ರರಿಯ ಮಾಲೀಕರಾದ ಶೆಟ್ಟರ ಫೋನ್ ಬಂತು.

"ಅಕ್ಕೋರ, ನಿಮ್ಮ 'ಬೆಳಗು ಒಂಬತ್ತು' ಟಿ.ವಿ.ಯವರಿಗೆ ಭಾಳ ಸೇರೈತ್ರಿ. ಸೋಮವಾರದಿಂದ ದಿನಾ ಮುಂಜಾನಿ ಕಾರ್ಯಕ್ರಮಕ್ಕ ಹಚ್ಚತಾರ. ನಿಮ್ಮ ಹೆಸರೂ ತೋರಸ್ತಾರ."

ಅಕ್ಕೋರಿಗೆ ಸ್ವರ್ಗಕ್ಕೆ ಮೂರೇ ಗೇಣು. ಓಣಿಗೆಲ್ಲ ಸುದ್ದಿ ಮುಟ್ಟಿಸಿ ಬಂದರು. ಆಮೇಲೆ ಶೆಟ್ಟರಿಂದ ಧುನ್ ತರಿಸಿಕೊಂಡು ಕೇಳಿದರು. ಚೆಂದದ ಧುನ್, ಕ್ಲಾರಿಯೋನೆಟ್ ದನಿ. ಆ ದನಿ ಅವರ ಕೀಬೋರ್ಡಿನಲ್ಲೂ ಇತ್ತು. ಹಾಗಾಗಿ ತಮ್ಮದೇ ಇರಬೇಕು ಅಂದುಕೊಂಡರು. ಚೆಂದ ಇದ್ದದ್ದೆಲ್ಲ ನಮ್ಮದೇ ಅನ್ನಿಸುವುದು ಮನುಷ್ಯರಿಗೆ ಇದ್ದದ್ದೇ.

ಅಕ್ಕೋರಿಗೆ ಒಂದು ಒಳ್ಳೆಯ ರೂಢಿ ಇತ್ತು. ಧುನ್ ಹೊಳೆದ ಕೂಡಲೇ ಬಾಯಲ್ಲಿ ಗುನುಗಿ, ತಾರೀಖು ಹೇಳಿ, ರೆಕಾರ್ಡ್ ಮಾಡಿ ಇಡುತ್ತಿದ್ದರು. ಈ ಧುನ್‌ನ ಗುನುಗನ್ನು ಶಿಷ್ಯರಿಗೆ ಕೇಳಿಸೋಣ ಎಂದು ಹುಡುಕಿದರು. ಹೋದ ವರ್ಷದವುಗಳಲ್ಲಿ ಇಲ್ಲ. ಅದರ ಹಿಂದಿನವುಗಳಲ್ಲೂ ಇಲ್ಲ. ಅಕ್ಕೋರು ಧುನ್ ಮತ್ತೊಮ್ಮೆ ಹಚ್ಚಿ ಕೇಳಿದರು. ಎರಡನೆಯ ಸಾಲಿನಲ್ಲಿ, ಸ್ವರ ಮೇಲೇರುವ ಮೊದಲು, ಅದು ಒಂದು ಕ್ಷಣ ನಿಲ್ಲುತ್ತಿತ್ತು. ಕೀಬೋರ್ಡಿಗೆ ಉಸಿರು ಬೇಕಿಲ್ಲ. ಅವರ ಕೈ ಅಲ್ಲಿ ಎಂದೂ ನಿಲ್ಲುತ್ತಿರಲಿಲ್ಲ. ಇದು ಯಾರೋ ಊದುವವರು, ಉಸಿರು ಎಳೆದುಕೊಳ್ಳಲು ನಿಂತ ಜಾಗ. ಧುನ್ ತಮ್ಮದಲ್ಲ ಎಂದು ಅಕ್ಕೋರಿಗೆ ತಿಳಿದುಹೋಯಿತು.

ಗಂಡ ಶ್ರೀಪಾದರಾಯರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಕರಾರನ್ನು ತಿರುವಿ ನೋಡಿ ಅಂದರು, "ಪಟ್ಟಿ ಮಾಡಿದವರು ಅವರು. ಸಹಿ ನಿಂದು. ಕಾಗದ ನಿನ್ನ ಕಡೆ ಅದ. ನೀ ಯಾಕ ಮೈಮ್ಯಾಲೆ ಹಾಕ್ಕೋತಿ? ಸುಮ್ಮನಿರು."

ಅಕ್ಕೋರು ಒಂದಿಡೀ ದಿನ ಸುಮ್ಮನಿದ್ದರು. ಸುಳ್ಳು ಯಾಕೆ ಹೇಳಬೇಕು, ಆಸೆ ಅಂಥದು. ಇಪ್ಪತ್ತು ವರ್ಷ ಕಾದ ಹೆಸರು, ಬಾಯಿ ಬಿಟ್ಟರೆ ಹೋಗುತ್ತದೆ. ಆದರೆ ಅಂದು ಪಾಠಕ್ಕೆ ಬಂದ ಮಕ್ಕಳು, "ಅಕ್ಕೋರ, ನಿಮ್ಮ ಧುನ್ ನುಡಿಸ್ರಿ" ಎಂದಾಗ ಅವರ ಕೈ ಏಳಲಿಲ್ಲ. ಮರುದಿನ ಮೊದಲ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರು.

ವಿಷಯ ಕೇಳಿ ಶೆಟ್ಟರು ತಲೆಯ ಮೇಲೆ ಕೈ ಹೊತ್ತರು. "ಕಾಗದ ಟಿ.ವಿ.ಯವರಿಗೆ ಮುಟ್ಟೈತ್ರಿ. ಈಗ ತಪ್ಪಾತು ಅಂದ್ರ ನನ್ನ ಮರ್ಯಾದಿ ಏನ್ ಉಳೀತೈತಿ? ಸಹಿ ಹಾಕೂ ಮುಂದ ನೀವರ ನೋಡಬೇಕಿತ್ತು."

"ಖರೆ, ನಾ ನೋಡಲಿಲ್ಲ," ಅಂದರು ಅಕ್ಕೋರು. "ಯಾರ ತಪ್ಪು ಅಂತ ಆಮ್ಯಾಲೆ ಮಾತಾಡೋಣ. ಮೊದಲ ಯಾರ ಧುನ್ ಅಂತ ನೋಡೋಣ ಬರ್ರಿ."

ಇಬ್ಬರೂ ಕೂತು, ಅಕ್ಕೋರ ಕರಾರು ತಯಾರಾದ ವಾರದ ಕರಾರುಗಳನ್ನೆಲ್ಲ ತೆಗೆದರು. ಒಂದು ಕರಾರಿನಲ್ಲಿ ಮೊದಲ ಹಾಳೆ ಇತ್ತು, ಕೊನೆಯ ಹಾಳೆ ಇತ್ತು, ನಡುವೆ ಏನೂ ಇರಲಿಲ್ಲ. ಗದಗಿನ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವ ಹುಸೇನಸಾಬರದು ಅದು. ಪಿನ್ನು ಹೊಡೆಯುವಾಗ ಅವರ ನಡುವಿನ ಹಾಳೆ ಅಕ್ಕೋರ ಕರಾರಿಗೆ ಸೇರಿಬಿಟ್ಟಿತ್ತು. ಅವರೂ ನೋಡದೆ ಕೊನೆಯ ಹಾಳೆಗೆ ಹೋಗಿ ಸಹಿ ಹಾಕಿದ್ದರು. ನಮ್ಮ ಜನಕ್ಕೆ ಅದೊಂದು ರೋಗ.

ಶೆಟ್ಟರ ಮುಖ ಸಣ್ಣದಾಯಿತು. "ಇವರು ಎರಡು ಸಲ ಫೋನ್ ಮಾಡಿ ಕೇಳಿದ್ರು ಅಕ್ಕೋರ. ನಿಮ್ಮ ಹೆಸರಿಗೆ ಯಾವ ಧುನ್ನೂ ಇಲ್ಲ ಅಂತ ನಾನ ಹೇಳಿ ಫೋನ್ ಇಟ್ಟೆ. ಅವರು ಕೊಟ್ಟಿದ್ದು ಅದೊಂದ ಧುನ್ ರೀ."

ಆ ಮಾತು ಅಕ್ಕೋರ ಎದೆಗೆ ನಾಟಿತು. ತಮ್ಮ ಹತ್ತಿರ ನಾನೂರು, ಅವರ ಹತ್ತಿರ ಒಂದೇ ಒಂದು. ಕೂಡಲೇ ಹುಸೇನಸಾಬರಿಗೆ ಫೋನ್ ಹಚ್ಚಿಸಿದರು. "ಕಾಕಾ, ನೀವು ಕೊಟ್ಟ ಧುನ್ ಒಂದ್ಸಲ ಗುನುಗ್ರಿ," ಎಂದಷ್ಟೇ ಕೇಳಿದರು. ಆ ಮುದುಕರು ಯಾಕೆ ಎಂದೂ ಕೇಳದೆ ಗುನುಗಿದರು. ಎರಡನೆಯ ಸಾಲಿನಲ್ಲಿ, ಅದೇ ಜಾಗದಲ್ಲಿ, ನಿಂತು ಉಸಿರು ಎಳೆದುಕೊಂಡರು. ಶೆಟ್ಟರು ತಲೆ ತಗ್ಗಿಸಿದರು.

ಅಂದೇ ಎರಡೂ ಕರಾರು ಸರಿಯಾದವು. ಈ ಧುನ್ ನನ್ನದಲ್ಲ ಎಂದು ಅಕ್ಕೋರು ಬರೆದುಕೊಟ್ಟರು, ಹುಸೇನಸಾಬರಿಗೂ ನಡೆದದ್ದನ್ನು ತಿಳಿಸಿದರು. ಟಿ.ವಿ.ಯವರಿಗೂ ಶೆಟ್ಟರೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. "ಪ್ರಸಾರಕ್ಕೆ ಮೊದಲೇ ಹೇಳಿದಿರಿ, ಒಳ್ಳೇದಾಯ್ತು. ಹೆಸರು ಬದಲಾಯಿಸ್ತೀವಿ," ಎಂದರು ಅವರು. ಶೆಟ್ಟರು ಇಷ್ಟಕ್ಕಾಗಿ ಹೆದರಿದ್ದೇ ಬಂತು.

ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಹುಸೇನಸಾಬರ ಹೆಸರು ಬಂತು. ಆ ಜಾಗದಲ್ಲಿ ತಮ್ಮ ಹೆಸರು ಇರಬಹುದಿತ್ತು ಎಂದು ಅಕ್ಕೋರಿಗೆ ಅನ್ನಿಸಿತು, ನಿಜ. ಅಷ್ಟರಲ್ಲಿ ಫೋನ್ ಬಂತು.

"ತಂಗೀ, ನಲವತ್ತು ವರ್ಷ ಮಂದಿ ಮದುವ್ಯಾಗ ಊದೀನಿ. ಇವತ್ತ ಮೊಮ್ಮಗಳು ನನ್ನ ಹೆಸರು ಓದಿ ಹೇಳಿದ್ಲು," ಎಂದರು ಹುಸೇನಸಾಬರು. ಆಮೇಲೆ ಕೇಳಿದರು, "ಅದು ನಿನ್ನದಲ್ಲ ಅಂತ ನಿನಗ ಹೆಂಗ ಗೊತ್ತಾತು?"

"ನೀವು ಉಸಿರು ತಗೊಳ್ಳಿಕ್ಕೆ ನಿಂತೀರಲ್ಲ ಕಾಕಾ, ಅಲ್ಲಿ ನಾ ನಿಲ್ಲತಿರಲಿಲ್ಲ."

ಮುದುಕರು ನಕ್ಕರು. "ಅಯ್ಯ, ಅದು ತಪ್ಪು ತಂಗೀ. ವಯಸ್ಸಾತು, ದಮ್ಮು ಸಾಲಲಿಲ್ಲ. ಸರಿ ಮಾಡಬೇಕಂತ ಇದ್ದೆ."

"ಸರಿ ಮಾಡಬ್ಯಾಡ್ರಿ," ಅಂದರು ಅಕ್ಕೋರು. "ಕಾಗದದ ಮ್ಯಾಲೆ ನನ್ನ ಸಹಿ ಇತ್ತು. ಧುನ್‌ನಾಗ ನಿಮ್ಮ ಸಹಿ ಇತ್ತು."

ಅಂದಿನಿಂದ ಅಕ್ಕೋರ ಮನೆಗೆ ಕರಾರು ಬಂದರೆ ಗಿರಮಿಟ್ಟಿನ ತಟ್ಟೆ ಪಕ್ಕಕ್ಕೆ ಹೋಗುತ್ತದೆ. ನಡುವಿನ ಹಾಳೆ ಮೊದಲು ತೆರೆಯುತ್ತದೆ.

ನೀತಿ: ಓದದೆ ಸಹಿ ಹಾಕಬೇಡಿ. ಹಾಕಿ ತಪ್ಪಾದರೆ, ತಿಳಿದ ಕೂಡಲೇ ಬಾಯಿ ಬಿಟ್ಟು ಹೇಳಿ. ತಪ್ಪು ಯಾರದು ಎಂದು ಜಗಳಾಡುವ ಮೊದಲು ವಸ್ತು ಯಾರದು ಎಂದು ನೋಡಿ. ಕಾಗದ ನಮ್ಮ ಕಡೆ ಇದ್ದ ಮಾತ್ರಕ್ಕೆ ಇನ್ನೊಬ್ಬರ ಉಸಿರು ನಮ್ಮದಾಗುವುದಿಲ್ಲ.