ಕೊನೆಯ ಮಗುವನ್ನು ಕರೆಯಿರಿ

"ಗುರುಗಳೆ, ಯಾವ ದೇಶದ ಶಾಲೆಗಳು ಎಲ್ಲಕ್ಕಿಂತ ಮೇಲು? ಅವು ಮೇಲಾದದ್ದು ಯಾವುದರಿಂದ?"

ಹೀಗೆ ಕೇಳಿದವನು ಮಠದ ಹಿರಿಯ ಶಿಷ್ಯ. ಮಠದ ಪಾಠಶಾಲೆಯಲ್ಲಿ ಹನ್ನೆರಡು ಮಂದಿ ಕಿರಿಯರಿಗೆ ಪಾಠ ಹೇಳುವ ಹೊಣೆ ಅವನದು. ಮರುದಿನ ರಾಜಧಾನಿಯಿಂದ ಅಧಿಕಾರಿಗಳು ಬಂದು ಪಾಠಶಾಲೆಯನ್ನು ನೋಡುವವರಿದ್ದರು. ಅವರ ಮನಸ್ಸಿಗೆ ಬಂದರೆ ಇಡೀ ನಾಡಿನ ಶಾಲೆಗಳನ್ನು ಕಟ್ಟುವ ಕೆಲಸಕ್ಕೆ ಇವನನ್ನೇ ಕರೆದೊಯ್ಯುವುದಾಗಿ ಹೇಳಿ ಕಳುಹಿಸಿದ್ದರು.

ಗುರುಗಳು ಮರುದಿನದ ಊಟಕ್ಕೆಂದು ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ಪತ್ರಾವಳಿ ಮಾಡುತ್ತ ಕೂತಿದ್ದರು. ತಲೆ ಎತ್ತದೆ ಕೇಳಿದರು.

"ನಾಳೆಯದೆಲ್ಲ ಸಿದ್ಧವಾಯಿತೇನು?"

"ಆಯಿತು, ಗುರುಗಳೆ. ಹನ್ನೊಂದು ಮಂದಿಯೂ ಒಂದು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಊಟಕ್ಕೆ ಐವತ್ತು ಮಂದಿ ಆಗುತ್ತಾರೆ, ಅದಕ್ಕೆ ಉಳಿದೊಬ್ಬ ಉಳವಪ್ಪನನ್ನು ತರಕಾರಿ ಹೆಚ್ಚಲು ಅಡುಗೆಮನೆಗೆ ಹಾಕಿದ್ದೇನೆ."

ಗುರುಗಳು ಇನ್ನೊಂದು ಎಲೆ ತೆಗೆದುಕೊಂಡರು. "ಕೂತುಕೋ. ನೀನೂ ಎಲೆ ಚುಚ್ಚು. ಕೈ ಕಟ್ಟಿಕೊಂಡು ಕೂತವರಿಗೆ ನಾನು ಕತೆ ಹೇಳುವುದಿಲ್ಲ" ಎಂದರು. ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಹೊಳೆಯ ಆಚೆಗೆ ಒಂದು ದೇಶ, ಈಚೆಗೆ ಒಂದು ದೇಶ. ಮಣ್ಣು ಒಂದೇ, ಮಳೆ ಒಂದೇ, ಉಣ್ಣುವ ರೊಟ್ಟಿಯೂ ಒಂದೇ. ಆದರೆ ಆಚೆಯ ದೇಶದಲ್ಲಿ ಕುರಿ ಕಾಯುವವನೂ ಓದು ಬಲ್ಲ. ಈಚೆಯ ದೇಶದಲ್ಲಿ ಊರ ಗೌಡನೇ ಹೆಬ್ಬೆಟ್ಟು ಒತ್ತುತ್ತಾನೆ. ಈಚೆಯವರಿಗೆ ಒಂದು ಓಲೆ ಬಂದರೆ ಹೊಳೆ ದಾಟಿ ಹೋಗಿ ಆಚೆಯ ಕುರುಬನಿಂದ ಓದಿಸಿಕೊಂಡು ಬರಬೇಕು. ಈಚೆಯ ರಾಜನಿಗೆ ಇದರಿಂದ ತಲೆ ಎತ್ತಲಾರದಂತಾಯಿತು. ಅವನು ಮಂತ್ರಿಯನ್ನು ಕರೆದು, "ಹೋಗು. ಅವರ ಶಾಲೆಗಳಲ್ಲಿ ಏನಿದೆ, ನಮ್ಮಲ್ಲಿ ಏನಿಲ್ಲ, ನೋಡಿಕೊಂಡು ಬಾ" ಎಂದ.

ಮಂತ್ರಿ ಹೋದ. ಒಂದು ತಿಂಗಳು ಸುತ್ತಿದ. ಅವರ ಶಾಲೆಯ ಗೋಡೆ ಅಳೆದ. ನಮ್ಮದೂ ಅಷ್ಟೇ ಎತ್ತರ. ಪಾಟಿ ನೋಡಿದ. ನಮ್ಮದೂ ಅದೇ ಕಲ್ಲಿನದು. ಮಾಸ್ತರರ ಸಂಬಳ ಕೇಳಿದ. ಅಲ್ಲಿಯೂ ಅದು ಹೊಟ್ಟೆಗೆ ಸಾಲದಷ್ಟೇ. ಮಂತ್ರಿಗೆ ತಲೆ ಕೆಟ್ಟುಹೋಯಿತು. ಕಡೆಗೆ ಒಂದು ಊರಿನಲ್ಲಿ, ಶಾಲೆಗಳನ್ನು ಪರೀಕ್ಷಿಸುತ್ತ ಊರೂರು ತಿರುಗುವ ಪರೀಕ್ಷಕ ಬಂದದ್ದನ್ನು ಕಂಡ. ನಮ್ಮ ಪರೀಕ್ಷಕ ಬಂದರೆ ಏನು ಮಾಡುತ್ತಾನೆ? ಜಾಣ ಮಗುವನ್ನು ಕರೆಯುತ್ತಾನೆ, ಬೆನ್ನು ತಟ್ಟುತ್ತಾನೆ, ಹೋಳಿಗೆ ಉಂಡು ಹೊರಡುತ್ತಾನೆ. ಅಲ್ಲಿಯ ಪರೀಕ್ಷಕ ಹೆಗಲ ಗಂಟನ್ನೂ ಇಳಿಸದೆ ಬಾಗಿಲಲ್ಲಿ ನಿಂತು, "ಕೊನೆಯ ಮಗುವನ್ನು ಕರೆಯಿರಿ" ಎಂದ. ಎಲ್ಲರಿಗಿಂತ ಹಿಂದೆ ಬಿದ್ದ ಒಂದು ಮಗು ಎದ್ದು ಬಂತು. ಪರೀಕ್ಷಕ ಅದರ ಮುಂದೆ ಪುಸ್ತಕ ಹಿಡಿದ.

ಮಂತ್ರಿ ತೊಡೆ ತಟ್ಟಿಕೊಂಡ. ಗುಟ್ಟು ಸಿಕ್ಕಿತು! ಅಂದೇ ಮಧ್ಯಾಹ್ನ ದೋಣಿ ಹತ್ತಿದ. ಅವನು ಅಲ್ಲಿ ಇನ್ನೊಂದು ದಿನ ನಿಂತಿದ್ದರೆ ಈ ಕತೆಯನ್ನು ನಾನು ಹೇಳಬೇಕಾಗಿರಲಿಲ್ಲ.

ಈಚೆಯ ದೇಶದಲ್ಲಿ ಡಂಗುರ ಸಾರಿದರು. ಇನ್ನು ಮೇಲೆ ಪರೀಕ್ಷಕರು ವರ್ಷಕ್ಕೊಮ್ಮೆ ಬಂದು ಪ್ರತಿ ಶಾಲೆಯಲ್ಲೂ ಕೊನೆಯ ಮಗುವನ್ನೇ ಓದಿಸುತ್ತಾರೆ. ಅದು ಓದಿದರೆ ಶಾಲೆಯ ಮೇಲೆ ಬಿಳಿ ಬಾವುಟ ಏರುತ್ತದೆ. ಮೂರು ವರ್ಷ ಓದದಿದ್ದರೆ ಶಾಲೆಗೆ ಬೀಗ ಬೀಳುತ್ತದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡು. ಆ ಸಭೆಯಲ್ಲಿ ನಾನಿದ್ದರೂ ತಲೆ ಆಡಿಸುತ್ತಿದ್ದೆ.

ಮೊದಲ ವರ್ಷ ಬಾವುಟ ಏರಿದ್ದು ನಾಲ್ಕು ಊರಲ್ಲಿ. ಎರಡನೆಯ ವರ್ಷ ನಲವತ್ತು ಊರಲ್ಲಿ. ಮಕ್ಕಳು ಒಂದೇ ವರ್ಷಕ್ಕೆ ಜಾಣರಾದರು ಎಂದುಕೊಂಡೆಯೇನು? ರಾಜ ಚಾಪೆಯ ಕೆಳಗೆ ತೂರಿದರೆ ನಮ್ಮ ಜನ ರಂಗೋಲಿಯ ಕೆಳಗೆ ತೂರಿದರು. ಪರೀಕ್ಷಕ ಬರುವ ದಿನ ಕೊನೆಯ ಮಗುವಿಗೆ ಜ್ವರ ಬರತೊಡಗಿತು. ಇಲ್ಲವೆ ಅದು ಅಜ್ಜಿಯ ಊರಿಗೆ ಹೋಗಿರುತ್ತಿತ್ತು, ಇಲ್ಲವೆ ಕರು ಕಾಯಲು ಹೋಗಿರುತ್ತಿತ್ತು. ಕೊನೆಯದು ಹೋದರೆ ಅದರ ಮುಂದಿನದು ಕೊನೆಯದಾಗುತ್ತದೆ. ಅದು ಓದುತ್ತದೆ. ಇಷ್ಟೇ ಲೆಕ್ಕ.

ಒಂದು ಊರಿನ ಮಾಸ್ತರ ಮಾತ್ರ ಹೀಗೆ ಮಾಡಲಿಲ್ಲ. ಅವನ ಶಾಲೆಯಲ್ಲಿ ನಲವತ್ತೆರಡು ಮಕ್ಕಳು. ಎಲ್ಲರಿಗಿಂತ ಕೊನೆಯವಳು ಒಬ್ಬ ಹುಡುಗಿ, ತಿಪ್ಪವ್ವ. ಅವಳಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲವಾದ್ದರಿಂದ ಇವಳನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವು ಇದನ್ನು ಕಸವೆಂದು ಬಿಟ್ಟುಹೋಗಲಿ ಎಂದು ಆ ಹೆಸರು ಇಟ್ಟಿದ್ದರು. ಸಾವು ಬಿಟ್ಟುಹೋಯಿತು. ಆದರೆ ಅಕ್ಷರ ಅವಳಿಗೆ ಬೇಗ ಒಲಿಯಲಿಲ್ಲ. ಬೇರೆ ಮಕ್ಕಳು ಒಂದು ತಿಂಗಳಲ್ಲಿ ಕಲಿತದ್ದಕ್ಕೆ ಅವಳಿಗೆ ಒಂದು ಬೆಳೆ ಕೊಯ್ಲಿಗೆ ಬರುವಷ್ಟು ಕಾಲ ಬೇಕು. ಒಂದೊಂದೇ ಅಕ್ಷರ ತೋರಿಸಿದರೆ ಹೇಳುತ್ತಾಳೆ. ಮೂರು ಅಕ್ಷರ ಒಟ್ಟಿಗೆ ಬಂದರೆ ಮೂರನೆಯದನ್ನು ಹೇಳುವಷ್ಟರಲ್ಲಿ ಮೊದಲನೆಯದು ಜಾರಿಹೋಗುತ್ತದೆ.

ಆದರೆ ಎಲ್ಲರಿಗಿಂತ ಮೊದಲು ಶಾಲೆಗೆ ಬರುವವಳೂ ಅವಳೇ. ಬಂದು ಕಸ ಗುಡಿಸಿ, ಶಾಲೆಯ ಮುಂದೆ ನೀರು ಹೊಡೆಯುತ್ತಿದ್ದಳು. ಯಾರೂ ಹೇಳಿರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮಾಸ್ತರ ಅವಳೊಬ್ಬಳನ್ನೇ ಕೂಡಿಸಿಕೊಂಡು ಮತ್ತೆ ಮೊದಲಿಂದ ಹೇಳಿಕೊಡುತ್ತಿದ್ದ. ಅವನಿಗೆ ಬೇಸರ ಬರುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಬೇಸರ ಬರುತ್ತಿತ್ತು, ಆದರೂ ಕೂಡುತ್ತಿದ್ದ.

ಎರಡು ವರ್ಷ ಪರೀಕ್ಷಕ ಬಂದ. ಎರಡು ವರ್ಷವೂ ತಿಪ್ಪವ್ವ ಎದ್ದು ನಿಂತಳು, ಪರೀಕ್ಷಕನ ರುಮಾಲು ನೋಡಿದಳು, ಬಾಯಿ ಕಟ್ಟಿತು. ಬಾವುಟ ಏರಲಿಲ್ಲ. ಮೂರನೆಯ ವರ್ಷದ ಪರೀಕ್ಷೆ ಹತ್ತಿರವಾದಾಗ ಊರಿನ ಹಿರಿಯರು ಮಾಸ್ತರನ ಮನೆಗೆ ಬಂದರು. ಅವರಲ್ಲೊಬ್ಬ ಹೇಳಿದ.

"ಒಂದ್ ಹುಡುಗಿ ಸಲುವಾಗಿ ನಲವತ್ತೊಂದ್ ಮಕ್ಕಳ ಬಾಯಾಗ ಮಣ್ಣ ಹಾಕ್ತೀರೇನ್ರೀ, ಮಾಸ್ತರ? ಬೀಗ ಬಿದ್ದರ ಅಕಿಗಾದ್ರೂ ಸಾಲಿ ಎಲ್ಲಿ ಉಳೀತದ?"

ಇದಕ್ಕೆ ಕೊಡಬೇಕಾದ ಉತ್ತರವನ್ನು ನಾನು ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ.

ಒಂದೇ ದಿನ ತಾನೆ, ಎಂದುಕೊಂಡ ಅವನು. ಪರೀಕ್ಷೆಯ ಹಿಂದಿನ ಸಂಜೆ ಅವಳನ್ನು ಮನೆಯವರೆಗೆ ಬಿಡಲು ತಾನೇ ನಡೆದುಹೋದ. ಓಣಿಯ ತಿರುವಿನಲ್ಲಿ ನಿಂತು, "ನಾಳೆ ಒಂದಿನ ಸಾಲಿಗೆ ಬರಬ್ಯಾಡವಾ, ತಿಪ್ಪವ್ವಾ. ನಾಡದ ಬಾ" ಎಂದ.

ಅವಳು ಯಾಕೆ ಎಂದು ಕೇಳಲಿಲ್ಲ. "ಮತ್ತ ನಾಳೆ ನೀರ ಯಾರ ಹೊಡೀತಾರ್ರೀ?" ಎಂದು ಕೇಳಿದಳು.

ಮರುದಿನ ಕೊನೆಯ ಮಗು ಓದಿತು. ಬಾವುಟ ಏರಿತು. ಊರಿನವರು ಬೆಲ್ಲ ಹಂಚಿದರು. ಮಾಸ್ತರನ ಅಂಗೈಯಲ್ಲೂ ಒಂದು ತುಂಡು ಇಟ್ಟರು. ಅದು ಅಂಗೈಯಲ್ಲೇ ಕರಗಿತು. ಅಂದು ಅವನು ಊಟ ಮಾಡಲಿಲ್ಲ.

ಮಾರನೆಯ ದಿನ ಶಾಲೆಯ ಮುಂದೆ ನೆಲ ಒಣಗಿತ್ತು. ಅದರ ಮಾರನೆಯ ದಿನವೂ ಒಣಗಿತ್ತು. ಮೂರನೆಯ ದಿನ ಮಾಸ್ತರ ಅವಳ ಮನೆಗೆ ಹೋದ. ಹಿತ್ತಲಲ್ಲಿ ತಾಯಿ ಸಗಣಿ ಕಲಸಿ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು. ಪಕ್ಕದಲ್ಲಿ ತಿಪ್ಪವ್ವ. ಅವಳು ತಟ್ಟಿದ ಹಸಿ ಕುಳ್ಳುಗಳ ಮೇಲೆ ಬೆರಳಿನಿಂದ ಒಂದೊಂದು ಅಕ್ಷರ ಬರೆದಿತ್ತು. ಮಾಸ್ತರ ಗೋಡೆ ನೋಡಿದ. ಒಂದು ಕಡೆ ಮೂರು ಕುಳ್ಳುಗಳು ಒಂದರ ಪಕ್ಕ ಒಂದು ಅಂಟಿಕೊಂಡಿದ್ದವು. ಮೊದಲನೆಯದರ ಮೇಲೆ ಬ, ಎರಡನೆಯದರ ಮೇಲೆ ಸ, ಮೂರನೆಯದರ ಮೇಲೆ ವ.

"ಇದೇನವಾ?" ಎಂದು ಕೇಳಿದ.

"ಬಸವ ಅಲ್ಲೇನ್ರೀ?" ಎಂದಳು ತಿಪ್ಪವ್ವ.

ಮೂರು ಅಕ್ಷರ ಕೂಡಿತ್ತು. ಮೊದಲನೆಯದು ಜಾರಿರಲಿಲ್ಲ. ಮಾಸ್ತರ, "ಸಾಲಿಗೆ ಬಾರವಾ, ತಾಯಿ" ಎಂದ.

"ನಾ ಬಂದ್ರ ಬಾವುಟ ಇಳಸ್ತಾರಂತಲ್ರೀ" ಎಂದಳು ಅವಳು. ಸಿಟ್ಟಿನಿಂದ ಹೇಳಿದ್ದಲ್ಲ. ಅವಳಿಗೆ ಆ ಬಾವುಟ ಇಷ್ಟವಾಗಿತ್ತು.

ತಾಯಿ ಸಗಣಿಯ ಕೈ ಕೊಡವಿ ಎದ್ದು ನಿಂತಳು. "ಸಾವಿಗೆ ಬ್ಯಾಡಾಗ್ಲಿ ಅಂತ ಈ ಹೆಸರ ಇಟ್ಟಿದ್ವಿರಿ, ಮಾಸ್ತರ. ಸಾಲಿಗೂ ಬ್ಯಾಡಾದ್ಳು. ಇನ್ನ ಕಳಸಾಂಗಿಲ್ಲ" ಎಂದಳು.

ಮಾಸ್ತರ ತಿರುಗಿ ಬಂದ. ಮುಂದಿನ ವರ್ಷ ಉಳಿದ ನಲವತ್ತೊಂದರಲ್ಲಿ ಒಬ್ಬ ಕುಂಬಾರರ ಹುಡುಗ ಕೊನೆಯವನಾದ. ಅವನಿಗೂ ನಾಳೆ ಬರಬೇಡ ಎಂದು ಹೇಳಬೇಕಾಯಿತು. ಅದರ ಮುಂದಿನ ವರ್ಷ ಇನ್ನಿಬ್ಬರಿಗೆ. ಆ ವರ್ಷ ಮಾಸ್ತರ ಊಟ ಬಿಡಲಿಲ್ಲ.

ಹತ್ತು ವರ್ಷ ಕಳೆಯಿತು. ಈಚೆಯ ದೇಶದಲ್ಲಿ ಬಾವುಟವಿಲ್ಲದ ಶಾಲೆಯೇ ಇಲ್ಲ. ಈಗ ನಾವೇ ಮೇಲು ಎಂದು ರಾಜ ಹಿಗ್ಗಿದ. ಅದನ್ನು ಆಚೆಯವರ ಬಾಯಿಂದಲೇ ಕೇಳಬೇಕೆಂದು ಅಲ್ಲಿಯ ಪರೀಕ್ಷಕನನ್ನು ಕರೆಸಿದ. ಅವನು ಈಗ ಮುದುಕನಾಗಿದ್ದ. ಮಂತ್ರಿ ಅವನನ್ನು ಇದೇ ಮಾಸ್ತರನ ಶಾಲೆಗೆ ಕರೆತಂದ. ಮುದುಕ ಗಂಟು ಇಳಿಸದೆ ಬಾಗಿಲಲ್ಲಿ ನಿಂತ.

"ಕೊನೆಯ ಮಗುವನ್ನು ಕರೆಯಿರಿ."

ಒಂದು ಮಗು ಬಂದು ನೀರು ಹರಿದಂತೆ ಓದಿತು. ಮುದುಕನಿಗೆ ಸಂತೋಷವಾಯಿತು. ಅದರ ತಲೆ ಸವರಿ, "ಇದರ ನಂತರದ್ದು?" ಎಂದು ಕೇಳಿದ. ಇದರ ನಂತರ ಯಾವುದೂ ಇಲ್ಲ ಎಂದರು. ಮುದುಕ ಒಳಗೆ ನೋಡಿದ. ನಲವತ್ತು ಮಂದಿ ಕೂಡುವ ನೆಲದ ಮೇಲೆ ಹತ್ತೊಂಬತ್ತು ಮಕ್ಕಳು ಕೂತಿದ್ದರು. ಅವನು ಮಂತ್ರಿಯ ಕಡೆ ತಿರುಗಿ, "ಮಗು ಓದದಿದ್ದರೆ ನೀವು ಏನು ಮಾಡುತ್ತೀರಿ?" ಎಂದ.

"ಬಾವುಟ ಕೊಡುವುದಿಲ್ಲ. ಮೂರು ವರ್ಷ ನೋಡಿ ಬೀಗ ಹಾಕುತ್ತೇವೆ. ನಿಮ್ಮಲ್ಲಿಯೂ ಹಾಗೇ ಅಲ್ಲವೆ?"

"ನಮ್ಮಲ್ಲಿ ಬಾವುಟವೂ ಇಲ್ಲ, ಬೀಗವೂ ಇಲ್ಲ. ಮಗು ಓದದಿದ್ದರೆ ನಾನು ಗಂಟು ಇಳಿಸುತ್ತೇನೆ. ಮಾಸ್ತರ ಉಳಿದವರಿಗೆ ಪಾಠ ಹೇಳಿದರೆ, ನಾನು ಆ ಮಗುವಿನ ಪಕ್ಕದಲ್ಲಿ ಕೂಡುತ್ತೇನೆ. ಅದು ಓದುವವರೆಗೂ ಆ ಊರು ಬಿಡುವುದಿಲ್ಲ. ಒಂದು ಊರಲ್ಲಿ ನಾಲ್ಕು ತಿಂಗಳು ಇದ್ದೆ. ಹಿಂದೆ ನೀವು ಬಂದಾಗ ನೋಡಲಿಲ್ಲವೆ?"

"ನಾನು ಅಂದೇ ಮಧ್ಯಾಹ್ನ ಹೊರಟುಬಿಟ್ಟೆ" ಎಂದ ಮಂತ್ರಿ.

ಇದನ್ನು ಕೇಳುತ್ತಿದ್ದ ಮಾಸ್ತರ ಶಾಲೆಯಿಂದ ಎದ್ದು ಹೊರಗೆ ನಡೆದ. ಯಾರು ಕರೆದರೂ ನಿಲ್ಲಲಿಲ್ಲ. ನೆಟ್ಟಗೆ ತಿಪ್ಪವ್ವನ ಮನೆಗೆ ಹೋದ. ಅವಳನ್ನು ಮದುವೆ ಮಾಡಿ ಕೊಟ್ಟು ಐದು ವರ್ಷವಾಗಿತ್ತು. ಹಿತ್ತಲ ಗೋಡೆಯ ತುಂಬ ಕುಳ್ಳುಗಳಿದ್ದವು. ಮಾಸ್ತರ ಒಂದೊಂದನ್ನೂ ಹತ್ತಿರ ಹೋಗಿ ನೋಡಿದ. ಅವುಗಳ ಮೇಲೆ ಅವಳ ತಾಯಿಯ ಐದು ಬೆರಳಿನ ಗುರುತು ಬಿಟ್ಟು ಬೇರೇನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಇಬ್ಬರ ನಡುವೆ ಪತ್ರಾವಳಿಗಳ ಅಟ್ಟಿ ಎತ್ತರವಾಗಿತ್ತು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಅವನು ಕಣ್ಣು ಒರೆಸಿಕೊಂಡು ಎದ್ದು ನಿಂತ.

"ತಿಳಿಯಿತು, ಗುರುಗಳೆ. ಆಚೆಯ ದೇಶ ಮೇಲಾದದ್ದು ಆ ಮುದುಕ ಗಂಟು ಇಳಿಸಿದ್ದರಿಂದ. ಕೊನೆಯ ಮಗುವಿನ ಪಕ್ಕದಲ್ಲಿ ಕೂಡದ ನಾಡು ಉದ್ಧಾರವಾಗದು. ನಾಳೆ ಅಧಿಕಾರಿಗಳ ಮುಂದೆ ಮೊದಲು ಇದನ್ನೇ ಹೇಳುತ್ತೇನೆ."

ಗುರುಗಳು ಕೈಯಲ್ಲಿದ್ದ ಎಲೆಗೆ ಕೊನೆಯ ಕಡ್ಡಿ ಚುಚ್ಚಿದರು. ಅದನ್ನು ಅಟ್ಟಿಯ ಮೇಲಿಟ್ಟು, ಮೊದಲ ಸಲ ತಲೆ ಎತ್ತಿ ಶಿಷ್ಯನ ಮುಖ ನೋಡಿದರು.

"ಹೇಳು, ಮಗು. ನಾಳೆ ತರಕಾರಿ ಹೆಚ್ಚುವುದಕ್ಕೆ ಉಳವಪ್ಪನೇ ಯಾಕೆ ಬೇಕಾಯಿತು?"