ಹೂವಿನ ಪ ಎಲ್ಲಿ ಹೋಯಿತು?

ಹೂಂಗುಟ್ಟುವವರು ಇದ್ದರೆ ಹೇಳುತ್ತೇನೆ, ನಿದ್ದೆ ಬಂದವರು ಈಗಲೇ ಎದ್ದು ಹೋಗಿ.

ಮೂರು ಸೀಮೆಯ ಜನ ಸಂತೆಗೆ ಬರುವ ಒಂದು ಊರು. ಅಲ್ಲಿ ಚೌಡಕ್ಕ ಅಂತ ಹೂ ಕಟ್ಟಿ ಮಾರುವವಳು. ಅವಳಿಗೆ ಒಬ್ಬನೇ ಮಗ, ಪಿಳ್ಳಣ್ಣ. ವಯಸ್ಸು ಇಪ್ಪತ್ತೈದು, ಬುದ್ಧಿ ಎಷ್ಟು ಅಂತ ನೀವೇ ನೋಡುತ್ತೀರಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ಅವನ ರೋಗ! ಅಕ್ಷರ ಮಾತ್ರ ದುಂಡಗೆ ಬರೆಯುತ್ತಿದ್ದ.

ಚೌಡಕ್ಕನ ಬೆರಳು ಸೆಟೆಯತೊಡಗಿತ್ತು. "ನಾನು ಕಣ್ಮುಚ್ಚಿದ್ರೆ ನಿನಗೆ ಗಂಜಿ ಹಾಕೋರು ಯಾರೋ?" ಅಂತ ಅತ್ತಳು. ಅತ್ತುಕೊಂಡೇ ಅವನನ್ನು ನಿಘಂಟು ಬರೆಯುವ ಸೇತುರಾಯರ ಮನೆಗೆ ಕೆಲಸಕ್ಕೆ ಬಿಟ್ಟಳು.

ರಾಯರು ಅಂದರು: "ನೋಡಪ್ಪ, ಸಂತೆಗೆ ಹೋಗು. ಹೂವಿಗೆ ಯಾರು ಏನಂತಾರೆ ಕೇಳು. ಕೇಳಿದ ಮಾತನ್ನ ಹಾಗೇ ಬಾಯಲ್ಲಿಟ್ಕೊಂಡು ಬಾ. ದಾರೀಲಿ ಬಾಯಿ ಬಿಡಬೇಡ!"

"ಆಯ್ತು ಅಯ್ಯ!"

ಹೋದ. ತಮಿಳು ಸೀಮೆಯ ಕುಪ್ಪಮ್ಮನನ್ನು ಕೇಳಿದ. "ಪೂ" ಅಂದಳು. ಗಬಕ್ಕನೆ ಬಾಯಿ ಮುಚ್ಚಿದ, ಮೇಲೊಂದು ಅಂಗೈ ಒತ್ತಿದ, ಬಂದ.

"ಏನಂದ್ರೋ?"

ಪಿಳ್ಳಣ್ಣ ತಲೆ ಅಲ್ಲಾಡಿಸಿದ.

"ಹೇಳೋ!"

ಊಹೂಂ. ಊಟದ ಹೊತ್ತಾಯಿತು, ಊಟಕ್ಕೂ ಬಾಯಿ ಬಿಡಲಿಲ್ಲ. ಕೊನೆಗೆ ಚೌಡಕ್ಕನನ್ನು ಕರೆಸಿದರು. ಅವಳು ಬಂದು ತೊಡೆ ಜಿಗುಟಿದಳು ನೋಡಿ, "ಪೂ!" ಅಂತ ಹಾರಿತು ಮಾತು.

"ದಡ್ಡ! ಬಾಯಲ್ಲಿಟ್ಕೊಂಡು ಕೂತ್ರೆ ಆಗುತ್ತೇನೋ? ಚೀಟೀಲಿ ಬರೀಬೇಕು. ಯಾರ ಮಾತೋ ಅವರಿಗೆ ಅಂಟಿಸಬೇಕು!" ಅಂತ ರಾಯರು ರೇಗಿದರು.

"ಆಯ್ತು ಅಯ್ಯ!"

ಮಾರನೆಯ ದಿನ ಬಟ್ಟಲ ತುಂಬ ಮೈದಾ ಅಂಟು ಹಿಡಿದು ಹೋದ. ಕುಪ್ಪಮ್ಮ "ಪೂ" ಅಂದಳು. ಬರೆದ, ಅವಳ ಹಣೆಗೇ ಅಂಟಿಸಿದ! ತೆಲುಗಿನ ನಾಗುಲಮ್ಮ "ಪುವ್ವು" ಅಂದಳು. ಬರೆದ, ಅವಳ ಹಣೆಗೂ ಅಂಟಿಸಿದ! ತುಳುನಾಡಿನಿಂದ ಬಂದು ಹೋಟೆಲಿಟ್ಟಿದ್ದ ಸಂಜೀವಣ್ಣ "ನಮ್ದೂ ಪೂ ಮಾರಾಯ" ಅಂದ. ಅವನ ಬೋಳು ತಲೆಗೆ ಚಪ್! ಸಂತೆಗೆ ಸಂತೆಯೇ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂತು.

ರಾಯರು ಹಣೆ ಚಚ್ಚಿಕೊಂಡರು. "ಜನಕ್ಕಲ್ವೋ! ತಂದು ಪುಸ್ತಕಕ್ಕೆ ಅಂಟಿಸಬೇಕು! ಅಂಟಿಸಿ ಬಿಸಿಲಲ್ಲಿ ಒಣಗಿಸಬೇಕು!"

"ಆಯ್ತು ಅಯ್ಯ! ಆದ್ರೆ ಅಯ್ಯ, ಎಲ್ರೂ ಪ ಅಂತಾರೆ. ನಾವ್ಯಾಕೆ ಹೂ ಅಂತೀವಿ?"

ರಾಯರ ಕೋಪ ಅರ್ಧಕ್ಕೇ ನಿಂತಿತು. ಅವರು ವರ್ಷದಿಂದ ಅದನ್ನೇ ಯೋಚಿಸುತ್ತಿದ್ದರು. "ಹಳೇ ಕಾಲದಲ್ಲಿ ನಾವೂ ಪೂ ಅಂತಲೇ ಅಂತಿದ್ವಿ ಕಣೋ. ಒಂದೇ ಮನೆ ಮಾತುಗಳು ಇವೆಲ್ಲ. ನಮ್ಮ ಪ ಎಲ್ಲಿ ಹೋಯ್ತು, ಹ ಯಾರ ಬಾಯಿಂದ ಬಂತು, ಅದು ಗೊತ್ತಾಗದೆ ಈ ಪುಟ ಖಾಲಿ ಕೂತಿದೆ."

"ನಾನು ಹುಡುಕಿ ತರ್ಲಾ?"

"ಹುಡುಕು! ಯಾರು ಕಲಿಸಿದ್ರು ಅಂತ ಕೇಳ್ತಾ ಕೇಳ್ತಾ ಹೋಗು, ಸಿಗೋ ತನಕ ನಿಲ್ಲಬೇಡ. ಇದೂ ಕೆಟ್ರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ!"

ಚೌಡಕ್ಕನಿಗೆ ಸುದ್ದಿ ಮುಟ್ಟಿತು. ಮಗನ ಕೆಲಸ ಹೋದ ಹಾಗೇ ಅಂತ ಮತ್ತೆ ಅತ್ತಳು ಪಾಪ.

ಪಿಳ್ಳಣ್ಣ ಹೊರಟ. ಸಂತೆಯಲ್ಲಿ ಗಿರಿಜವ್ವ ಹೂ ಕಟ್ಟುತ್ತಿದ್ದಳು.

"ಹೂ ಅನ್ನೋದು ನಿಂಗ್ಯಾರು ಕಲಿಸಿದ್ರು?"

"ನಮ್ಮವ್ವ ಕಣೋ, ಇನ್ಯಾರು?"

ಪಕ್ಕದ ಊರಿಗೆ ನಡೆದ, ಅವಳ ಅವ್ವನನ್ನು ಹಿಡಿದ. "ನಿಂಗ್ಯಾರು?" "ನಮ್ಮತ್ತೆ." ಅದರಾಚೆ ಊರಿಗೆ ನಡೆದ. ಅತ್ತೆ ಜಗಲಿಯ ಮೇಲೆ ಕೂತಿದ್ದಳು, ಹಣ್ಣುಹಣ್ಣು ಮುದುಕಿ. "ಅಜ್ಜೀ, ನಿಂಗ್ಯಾರು?"

ಮುದುಕಿ ನಕ್ಕಳು. "ನಾನು ಸೇಲಂ ಕಡೆಯೋಳಪ್ಪ. ಪೂ ಪೂ ಅಂತಿದ್ದೆ. ಸಂತೇಲಿ ಪಕ್ಕದಲ್ಲೇ ಒಂದು ಪುಟ್ಟ ಹುಡುಗಿ ಹೂ ಕಟ್ಟೋಳು. ಅವಳು ಕಲಿಸಿದ್ಲು. ಚೌಡಿ ಅಂತ ಹೆಸರು."

ಪಿಳ್ಳಣ್ಣ ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದ. "ಅವ್ವಾ! ಸಿಕ್ಕಿಬಿಟ್ಟೆ! ನೀನೇನಾ ಅದು!" ಅಂತ ಕಟ್ಟುತ್ತಿದ್ದ ಹೂವಿನ ಸಮೇತ ಅವಳನ್ನು ಹೆಗಲ ಮೇಲೆ ಹೊತ್ತು ರಾಯರ ಮನೆಗೆ ತಂದ. ರಾಯರು ಒಳಗೆ ಸ್ನಾನಕ್ಕೆ ಹೋಗಿದ್ದರು. ಈಗ ಏನು ಮಾಡಬೇಕು? ಹೇಳಿದ್ದು ನೆನಪಿತ್ತು. ತಂದು ಪುಸ್ತಕಕ್ಕೆ ಅಂಟಿಸಬೇಕು, ಬಿಸಿಲಲ್ಲಿ ಒಣಗಿಸಬೇಕು! ದೊಡ್ಡ ಪುಸ್ತಕದ ಹೂವಿನ ಪುಟ ತೆಗೆದ, ಅಂಟು ಬಳಿದ, ಅವ್ವನನ್ನು ಕೂರಿಸಿದ, ಪುಸ್ತಕ ಸಮೇತ ಎತ್ತಿ ಅಂಗಳದ ಬಿಸಿಲಿಗಿಟ್ಟ. ಅವ್ವನಿಗೆ ಬಿಸಿಲು ತಾಗೀತು ಅಂತ ತಾನೇ ಕೊಡೆ ಹಿಡಿದು ನಿಂತ.

ರಾಯರು ಬಂದು ನೋಡಿದರು. ಕೈ ಎತ್ತಿಕೊಂಡು ಮುಂದೆ ನುಗ್ಗಿದರು.

"ಅಯ್ಯಾ, ಕೈ ಮುಗೀತೀನಿ, ಇವನ್ನ ಓಡಿಸ್ಬೇಡಿ!" ಅಂದಳು ಚೌಡಕ್ಕ, ಮಾಲೆಯ ಬಾಳೆನಾರಿನ ತುದಿ ಹಲ್ಲಲ್ಲಿ ಕಚ್ಚಿಕೊಂಡೇ. ಕೈ ಮಾತ್ರ ಅಭ್ಯಾಸಬಲದಿಂದ ಹೂ ಕಟ್ಟುತ್ತಿತ್ತು. ಮಾತು ಹೊರಬಂದದ್ದು ಬೇರೆ ಥರ. ಇವನ್ನ ಓಡಿಸ್‌*ಹೇ*ಡಿ!

ರಾಯರು ಗಕ್ಕನೆ ನಿಂತರು. "ಏನಮ್ಮ ಅಂದೆ? ಎಲ್ಲಿ, ಹಾಗೇ ನಾರು ಕಚ್ಚಿಕೊಂಡು ಪೂ ಅನ್ನು."

"ಹೂ."

"ಪೂ ಅನ್ನಮ್ಮ!"

"ಹೂ! ತುಟಿ ಕೂಡಲ್ಲ ಅಯ್ಯ, ನಾರಿದೆಯಲ್ಲ! ಸಂತೇಲಿ ನಮ್ಮ ಹೂವಿನ ಸಾಲಿನೋರೆಲ್ಲ ಹೀಗೇ ಮಾತಾಡೋದು."

ರಾಯರು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತರು. ತಾವೂ ಒಂದೆಳೆ ನಾರು ಕಚ್ಚಿ ಪೂ, ಪಾಲು, ಪಲ್ಲು, ಪುಲಿ ಅಂತ ಹಳೇ ಮಾತುಗಳನ್ನು ಹೇಳಿ ನೋಡಿದರು. ಹೂ. ಹಾಲು. ಹಲ್ಲು. ಹುಲಿ. ಒಂದರಲ್ಲೂ ಪ ಬರಲಿಲ್ಲ. "ನಿಜವೋ ಸುಳ್ಳೋ ದೇವರಿಗೇ ಗೊತ್ತು, ಆದ್ರೆ ಇದನ್ನ ನಾನು ಬರೆದೇ ಬರೀತೀನಿ! ಹತ್ತು ಪಂಡಿತರಿಗೆ ತೋಚದ್ದನ್ನ ಹೊತ್ತು ತಂದನಲ್ಲಮ್ಮ ನಿನ್ನ ಮಗ! ಇನ್ನು ಇವನ ಕೆಲಸ ಗಟ್ಟಿ. ನಾನಿರೋವರೆಗೂ, ನನ್ನ ನಂತರ ನನ್ನ ಮಕ್ಕಳಿರೋವರೆಗೂ ಇವನ ಅನ್ನಕ್ಕೆ ಚಿಂತೆಯಿಲ್ಲ."

ಚೌಡಕ್ಕನ ಕಣ್ಣಲ್ಲಿ ನೀರು ಬಂತು. ಇಪ್ಪತ್ತೈದು ವರ್ಷದ ಭಾರ ಇಳಿಯಿತು. ರಾಯರ ಕಾಲಿಗೆ ಬೀಳೋಣ ಅಂತ ದಡಕ್ಕನೆ ಎದ್ದಳು.

ಚರ್ರ್!

ಹೂವಿನ ಪುಟ ಅವಳ ಸೀರೆಯ ಜೊತೆಗೇ ಎದ್ದು ಬಂತು.

"ಅಯ್ಯೋ, ನನ್ನ ಪುಟ! ಹಿಡಿಯೋ ಪಿಳ್ಳಣ್ಣ, ಆ ಪುಟ ಮತ್ತೆ ಪುಸ್ತಕಕ್ಕೆ ಸೇರಿಸೋ!"

"ಆಯ್ತು ಅಯ್ಯ!" ಅಂದ ಪಿಳ್ಳಣ್ಣ. ಕೊಡೆ ಬಿಸಾಡಿದ, ದಬ್ಬಳ ದಾರ ತಂದ, ಅವ್ವನನ್ನು ಮತ್ತೆ ಕೂರಿಸಿದ. ಸೀರೆ, ಪುಟ, ಪುಸ್ತಕ ಮೂರನ್ನೂ ಸೇರಿಸಿ ಹೊಲಿದೇಬಿಟ್ಟ.