ಕೇರೆಹಾವನ್ನು ಓಡಿಸಿದ ಹಕ್ಕಿಗಳು

ಒಂದು ಕಾಡಿನಲ್ಲಿ, ಹಳ್ಳದ ದಂಡೆಯ ಹುಲ್ಲಿನಲ್ಲಿ, ನೆಲದ ಮೇಲೇ ಗೂಡು ಕಟ್ಟುವ ಗೌಜಲಹಕ್ಕಿ, ಟಿಟ್ಟಿಭ, ನವಿಲು ಮೊದಲಾದ ಹಕ್ಕಿಗಳಿದ್ದವು. ಅವುಗಳಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬರು "ಹಾವು!" ಎಂದರೆ ಸಾಕು, ಎಲ್ಲರೂ ಹಾರಿಬಂದು ಕೂಗಬೇಕು. ಯಾರು ಕಂಡರು, ಏನು ಕಂಡರು ಎಂದು ಕೇಳುವ ಹಾಗಿಲ್ಲ. ಕೇಳುತ್ತಾ ಕೂತರೆ ಹಾವು ಮೊಟ್ಟೆ ನುಂಗಿ ಮಲಗಿರುತ್ತದಲ್ಲ!

ಅಲ್ಲೇ ಬಿಲದಲ್ಲಿ ಒಂದು ಹೆಗ್ಗಣವಿತ್ತು. ಅದೇ ಹುಲ್ಲಿನಲ್ಲಿದ್ದ ಕೇರೆಹಾವೆಂದರೆ ಅದಕ್ಕೆ ಜೀವಭಯ. ಆ ವರ್ಷ ಗೌಜಲಹಕ್ಕಿಯ ಮೊಟ್ಟೆಗಳು ಒಂದೊಂದಾಗಿ ಕಾಣೆಯಾದವು. ಹೆಗ್ಗಣ ಕಣ್ಣೊರೆಸಿಕೊಳ್ಳುತ್ತಾ ಬಂತು.

"ಅಕ್ಕಾ, ನನ್ನ ಬಾಯಲ್ಲಿ ಏಕೆ ಹೇಳಿಸುತ್ತೀಯ? ಆ ಕೇರೆಯ ಹೊಟ್ಟೆ ಉಬ್ಬಿದ್ದು ನೋಡಲಿಲ್ಲವೇ?"

ಹೊಟ್ಟೆ ಉಬ್ಬಿದ್ದು ನಿಜ. ಆದರೆ ಒಳಗಿದ್ದದ್ದು ಹೆಗ್ಗಣದ ಭಾವ!

ಗೌಜಲಹಕ್ಕಿ "ಹಾವು!" ಎಂದು ಕೂಗಿತು. ಎಲ್ಲ ಹಕ್ಕಿಗಳೂ ಬಂದು ಕೂಗಿದವು, ಕುಕ್ಕಿದವು. ಕೇರೆ ಹಳ್ಳ ದಾಟಿ ಓಡಿತು.

ಆದರೂ ಮೊಟ್ಟೆಗಳು ಹೋಗುತ್ತಲೇ ಇದ್ದವು. ಹಾವಿಲ್ಲದ ಮೇಲೆ ಕಳ್ಳ ನಮ್ಮೊಳಗೇ ಇರಬೇಕು ಎಂದು ಟಿಟ್ಟಿಭ ನವಿಲನ್ನು ದುರುಗುಟ್ಟಿ ನೋಡಿತು. ನವಿಲು ಟಿಟ್ಟಿಭವನ್ನು ಮಾತಾಡಿಸುವುದನ್ನೇ ಬಿಟ್ಟಿತು. ನೀರಿಗೆ ಹೋಗಿ ಬಂದರೂ "ಎಲ್ಲಿಗೆ ಹೋಗಿದ್ದೆ?" ಎಂಬ ಪ್ರಶ್ನೆ. ಇತ್ತ ಹೆಗ್ಗಣದ ಸಂಸಾರ ಬೆಳೆದು ನೆಲವೆಲ್ಲ ಬಿಲವಾಯಿತು. ಹುಲ್ಲಿನ ಬೀಜವೂ ಉಳಿಯಲಿಲ್ಲ, ಬೇರೂ ಉಳಿಯಲಿಲ್ಲ.

ಗೌಜಲಹಕ್ಕಿಗೆ ಉಳಿದದ್ದು ಒಂದೇ ಮೊಟ್ಟೆ. ಅದು ಮೇಯಲು ಹೋದಂತೆ ಮಾಡಿ ಪೊದೆಯಲ್ಲಿ ಅಡಗಿ ಕೂತಿತು. ಹೆಗ್ಗಣ ಮೆಲ್ಲಗೆ ಬಂದು ಮೊಟ್ಟೆಯನ್ನು ಬಿಲದ ಕಡೆಗೆ ಉರುಳಿಸತೊಡಗಿತು.

"ಅಯ್ಯೋ, ನಿನ್ನ ಮನೆ ಹಾಳಾಗ! ನೀನಾ?" ಎಂದು ಗೌಜಲಹಕ್ಕಿ ಮೇಲೆರಗಿತು. ಹೆಗ್ಗಣ ಬಿಲಕ್ಕೆ ನುಗ್ಗಿತು. ಗೌಜಲಹಕ್ಕಿ ನಡೆದದ್ದನ್ನು ಎಲ್ಲರಿಗೂ ಹೇಳಿ, ಮೊಟ್ಟೆಗೆ ಟಿಟ್ಟಿಭವನ್ನು ಕಾವಲಿಟ್ಟು, ಹಳ್ಳ ದಾಟಿತು.

"ಕೇರೆಯಣ್ಣಾ, ತಪ್ಪಾಯಿತು. ತಿರುಗಿ ಬಾ."

"ಮತ್ತೆ ಕುಕ್ಕುವುದಕ್ಕೋ?" ಕೇರೆಗೆ ನಂಬಿಕೆ ಬರಲಿಲ್ಲ. "ಸುಳ್ಳು ಹೇಳಲಾರೆ ತಂಗಿ, ಹಸಿದಾಗ ನಾನೂ ಮೊಟ್ಟೆ ಬಿಡುವವನಲ್ಲ."

"ಗೊತ್ತಣ್ಣ. ನೀನಿದ್ದಾಗ ಒಂದೆರಡು ಹೋಗುತ್ತಿದ್ದವು, ಉಳಿದವು ಮರಿಯಾಗುತ್ತಿದ್ದವು. ಈಗ ಮರಿಗಳ ಸದ್ದೇ ಇಲ್ಲ," ಎಂದು ಗೌಜಲಹಕ್ಕಿ ಅತ್ತಿತು.

ಕೇರೆ ಹಳ್ಳ ದಾಟಿ ಮರಳಿತು. ಹೆಗ್ಗಣ ಎದ್ದೆನೋ ಬಿದ್ದೆನೋ ಎಂದು ಓಡುತ್ತಾ ಕಿರುಚಿತು. "ಹಾವು! ಹಾವು! ಎಲ್ಲರೂ ಕೂಗಿ! ಕಟ್ಟಳೆ ಮರೆತಿರಾ?"

ಒಂದು ಹಕ್ಕಿಯೂ ಬಾಯಿ ಬಿಡಲಿಲ್ಲ. ಗೌಜಲಹಕ್ಕಿ ಮೊಟ್ಟೆಯ ಮೇಲೆ ಬಿಗಿಯಾಗಿ ಕೂತು, ಒಂದು ಕಣ್ಣನ್ನು ಹಾವಿನ ಮೇಲೇ ಇಟ್ಟು, ಸುಮ್ಮನಿತ್ತು.

ಕೇರೆಯ ಹೊಟ್ಟೆ ಮತ್ತೆ ಉಬ್ಬಿತು. ಈ ಸಲ ಒಳಗಿದ್ದದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ನೀತಿ: ಬೇಟೆಯಾಡುವ ಪ್ರಾಣಿಯೂ ಕಾಡಿಗೆ ಬೇಕು. ಅದನ್ನು ಓಡಿಸಿ ಎಂದು ಕಿವಿಯೂದುವವನ ಬಿಲವನ್ನು ಮೊದಲು ಇಣುಕಿ ನೋಡಬೇಕು.